ಕೋಸಿನ ವಾಸನೆ

ಗುಬ್ಬಿಗೆ ಆರನೆಯ ವಯಸ್ಸಿನಲ್ಲಿ ಬಂದ ಜ್ವರ ಹನ್ನೊಂದು ದಿನ ಇದ್ದು ಹೋಯಿತು. ಹೋಗುವಾಗ ಅವಳ ಮೂಗಿನ ಶಕ್ತಿಯನ್ನೂ ತೆಗೆದುಕೊಂಡು ಹೋಯಿತು. ಅಂದಿನಿಂದ ಅವಳಿಗೆ ಹೂವೂ ಒಂದೇ, ಮೋರಿಯೂ ಒಂದೇ. "ನಿನ್ ಮೂಗು ಇರೋದು ಬರೀ ಕನ್ನಡಕ ನಿಲ್ಲೋಕೆ," ಎಂದು ಅಣ್ಣ ಗೇಲಿ ಮಾಡುತ್ತಿದ್ದ. ಅವಳೂ ನಗುತ್ತಿದ್ದಳು. ಮನೆಯಲ್ಲಿ ಅಮ್ಮನ ಮೂಗು ಇದ್ದುದರಿಂದ ನಗಬಹುದಾಗಿತ್ತು. ಗುಬ್ಬಿ ಒಲೆಯ ಹತ್ತಿರ ಹೋದರೆ ಸಾಕು, ಅಮ್ಮ ಎಲ್ಲಿದ್ದರೂ ಬಂದು ಒಮ್ಮೆ ಉಸಿರೆಳೆದು, "ಹೂಂ, ಹಚ್ಚು," ಎನ್ನುತ್ತಿದ್ದಳು. ಅಡುಗೆ ಮುಗಿದ ಮೇಲೆ ಬಗ್ಗಿ ಸಿಲಿಂಡರಿನ ತಲೆಯ ಮೇಲಿನ ರೆಗ್ಯುಲೇಟರಿನ ಕೀಲನ್ನು ತಿರುಗಿಸಿ ಮುಚ್ಚುತ್ತಿದ್ದವಳೂ ಅಮ್ಮನೇ. ಇಪ್ಪತ್ತು ವರ್ಷ ಹೀಗೆಯೇ ನಡೆಯಿತು. ಅಲ್ಲೊಂದು ಕೀಲಿದೆ ಎಂಬುದು ಗುಬ್ಬಿಯ ಕಣ್ಣಿಗೆ ಗೊತ್ತಿತ್ತು. ಅದನ್ನು ಮುಚ್ಚಬೇಕೆಂಬುದು ಕೈಗೆ ಗೊತ್ತಿರಲಿಲ್ಲ.

ಪುಸ್ತಕ ಕಟ್ಟುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಅವಳು ಬೇರೆ ಊರಿಗೆ ಹೊರಟಾಗ ಅಮ್ಮ ಅಳಲಿಲ್ಲ. ಒಂದೇ ಷರತ್ತು ಹಾಕಿದಳು.

"ಮನೆ ಕೊಡೋರಿಗೆ ಮೊದಲನೇ ದಿನವೇ ನಿನ್ನ ಮೂಗಿನ ವಿಷಯ ಹೇಳ್ಬೇಕು. ಒಲೆ ಹಚ್ಚೋ ಮುಂಚೆ ಯಾರಾದ್ರೂ ಬಂದು ಮೂಸಿ ನೋಡ್ಬೇಕು. ಅದಾಗಲ್ಲ ಅಂದ್ರೆ ಗಂಟು ಕಟ್ಕೊಂಡು ವಾಪಸ್ ಬಾ."

"ಆಯ್ತಮ್ಮ, ಹೇಳ್ತೀನಿ."

ಆದರೆ ಹೇಳಲಿಲ್ಲ. ನಾಲ್ಕು ಮನೆಗಳಲ್ಲಿ ಒಂಟಿ ಹುಡುಗಿ ಎಂಬ ಒಂದೇ ಕಾರಣಕ್ಕೆ ಇಲ್ಲವೆನ್ನಿಸಿಕೊಂಡು ಅವಳು ಐದನೆಯ ಮನೆಗೆ ಬಂದಿದ್ದಳು. ಮಹಡಿಯ ಮೇಲೆ ಒಂದು ಕೋಣೆ, ಮೂಲೆಯಲ್ಲಿ ಅಡುಗೆಯ ಕಟ್ಟೆ, ಬೀದಿಯ ಕಡೆಗೆ ಒಂದು ಕಿಟಕಿ. ಕೆಳಗೆ ಮನೆಯೊಡತಿ ಒಬ್ಬರೇ ಇದ್ದರು. ಆಸ್ಪತ್ರೆಯಲ್ಲಿ ಮೂವತ್ತು ವರ್ಷ ದಾದಿಯಾಗಿದ್ದವರು. ಗಂಡ ತೀರಿಕೊಂಡು ವರ್ಷ ತುಂಬಿರಲಿಲ್ಲ. ಕೋಣೆ ತೋರಿಸುತ್ತ ಅವರು, "ವೈರಿಂಗ್ ಹಳೇದು, ಕರೆಂಟ್ ಒಲೆ ತಡೆಯಲ್ಲ. ಗ್ಯಾಸೇ ಇಟ್ಕೋಬೇಕು. ಬೆಂಕಿ ವಿಷಯದಲ್ಲಿ ಹುಷಾರು ತಾನೆ? ಹಿಂದೆ ಇದ್ದೋನು ಮಹಾ ಮರೆಗುಳಿ, ಅದಕ್ಕೇ ಕಳಿಸ್ದೆ," ಎಂದರು.

"ಹುಷಾರು," ಎಂದಳು ಗುಬ್ಬಿ.

ಅಂದಿನಿಂದ ಭಯ ಅವಳ ಜೊತೆಗೇ ಸಂಸಾರ ಹೂಡಿತು. ಒಲೆಯ ತಿರುಗಣೆಯನ್ನು ಮೂರು ಸಲ ಮುಟ್ಟಿ ನೋಡದೆ ಮನೆ ಬಿಡುತ್ತಿರಲಿಲ್ಲ. ಹಾಲು ಹಳಸಿದೆಯೋ ಏನೋ ಎಂದು ಅರ್ಧ ಪಾತ್ರೆ ಚೆಲ್ಲುತ್ತಿದ್ದಳು. ಬೆವರು ನಾರುತ್ತದೆಯೋ ಏನೋ ಎಂದು ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತಿದ್ದಳು. ಕಾರ್ಖಾನೆಯಲ್ಲಿ ಮೇಸ್ತ್ರಿ ಅವಳನ್ನು ಅಂಟು ಕಾಯಿಸುವ ಮೇಜಿಗೆ ಹಾಕಿದ್ದರು. "ಮೂಗು ಮುಚ್ಚಿಕೊಳ್ದೆ ಇಲ್ಲಿ ನಿಲ್ಲೋಳು ನೀನೊಬ್ಬಳೇ ತಾಯಿ. ಪುಣ್ಯವಂತೆ," ಎಂದು ಅವರು ಹೊಗಳುವಾಗ ಅವಳು ತಲೆ ತಗ್ಗಿಸಿ ಪುಸ್ತಕದ ಬೆನ್ನಿಗೆ ಅಂಟು ಸವರುತ್ತಿದ್ದಳು. ಸವರುತ್ತಿದ್ದ ಕುಂಚ ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು. ತಿರುಗಣೆ ಮುಚ್ಚಿದೆನೆ? ಒಮ್ಮೆ ಊಟದ ಬಿಡುವಿನಲ್ಲಿ ಓಡಿಹೋಗಿ ನೋಡಿ ಬಂದದ್ದೂ ಉಂಟು. ಗ್ಯಾಸು ಸೋರಿದರೆ ಕೂಗುವ ಯಂತ್ರವೊಂದನ್ನು ಕಳಿಸುತ್ತೇನೆಂದು ಅಣ್ಣ ಹೇಳಿದ್ದ; ಅದು ಇನ್ನೂ ಅವನ ಬಾಯಲ್ಲೇ ಇತ್ತು. ಅಮ್ಮ ದಿನವೂ ಬೆಳಿಗ್ಗೆ ಫೋನು ಮಾಡಿ, "ಅವರು ಬಂದು ನೋಡಿದ್ರಾ?" ಎಂದು ಕೇಳುತ್ತಿದ್ದಳು. ಗುಬ್ಬಿ ದಿನವೂ "ಹೂಂ" ಎನ್ನುತ್ತಿದ್ದಳು. ದೇವರ ಮುಂದೆ ಕುಳಿತಾಗ ಮೊದಲು ನೆನಪಾಗುತ್ತಿದ್ದುದು ಆ ಒಂದು ಅಕ್ಷರವೇ.

ಮೂರನೆಯ ವಾರ ಕಾರ್ಖಾನೆಯಲ್ಲಿ ಕೆಲಸ ಹೆಚ್ಚಾಯಿತು. ಎರಡು ದಿನ ಅವಳು ಒಲೆ ಹಚ್ಚಲೇ ಇಲ್ಲ; ಬ್ರೆಡ್ಡು ತಿಂದು ಮಲಗಿದಳು. ಮೂರನೆಯ ಬೆಳಿಗ್ಗೆ ತಲೆ ಭಾರವಾಗಿತ್ತು. ಕಸದ ಬುಟ್ಟಿ ಹಿಡಿದು ಮೆಟ್ಟಿಲಿಳಿಯುವಾಗ ಮನೆಯೊಡತಿ ಹೊಸಿಲು ಒರೆಸುತ್ತಿದ್ದರು.

"ಮೇಲೆ ಕೋಸು ಗೀಸು ಕೊಳೀತಾ ಇದೆಯೇನಮ್ಮ? ಎರಡು ದಿನದಿಂದ ಮೆಟ್ಟಿಲ ತುಂಬಾ ಅದೇ ವಾಸನೆ."

ಗುಬ್ಬಿ ಯೋಚಿಸಲಿಲ್ಲ. ಮೂಗಿಲ್ಲದವಳು ಇಪ್ಪತ್ತು ವರ್ಷ ಅಭ್ಯಾಸ ಮಾಡಿಕೊಂಡಿದ್ದ ಉತ್ತರ ತಾನಾಗಿ ಬಂತು. "ಹೌದು, ನನಗೂ ಬಂತು. ಎಸೀತೀನಿ."

"ಎಸಿ ಎಸಿ. ನಿನ್ನೆ ತಡೆಯೋಕಾಗ್ದೆ ಎರಡು ಊದುಬತ್ತಿ ಹಚ್ಚಿಟ್ಟೆ ಅಂತೀನಿ. ನಡಿ, ನನಗೆ ಪ್ರಾರ್ಥನೆಗೆ ಹೊತ್ತಾಯ್ತು." ಅವರು ಒಳಗೆ ಹೋದರು.

ಗುಬ್ಬಿ ಬುಟ್ಟಿಯೊಡನೆ ಮೇಲಕ್ಕೆ ಬಂದಳು. ತರಕಾರಿಯ ಚೀಲದಲ್ಲಿ ಅರ್ಧ ಕೋಸು ಇತ್ತು ನಿಜ. ಕೈಗೆತ್ತಿಕೊಂಡಳು. ಎಲೆಗಳು ಬಿಳಿಯಾಗಿ, ಗಟ್ಟಿಯಾಗಿ, ಒದ್ದೆಯಿಲ್ಲದೆ ಇದ್ದವು. ಎಲ್ಲಿ ಒತ್ತಿದರೂ ಬೆರಳು ಒಳಗಿಳಿಯಲಿಲ್ಲ.

ಕೋಸು ಕೊಳೆತಿರಲಿಲ್ಲ.

ಹಾಗಾದರೆ ಏನು? ಮೊಣಕಾಲೂರಿ ಸಿಲಿಂಡರಿನ ಪಕ್ಕ ಕುಳಿತು ಉಸಿರೆಳೆದಳು. ಏನೂ ಇಲ್ಲ. ಮತ್ತೆ ಎಳೆದಳು. ಅವಳ ಪಾಲಿಗೆ ಜಗತ್ತಿನಲ್ಲಿ ಯಾವಾಗಲೂ ಏನೂ ಇಲ್ಲ. ಗ್ಯಾಸಿಗೆ ಎಂಥ ವಾಸನೆ ಎಂದು ಚಿಕ್ಕಂದಿನಲ್ಲಿ ಅಮ್ಮನನ್ನು ಕೇಳಿದ್ದಳು. ಅಮ್ಮ ಹೇಳಲು ತಡವರಿಸಿ, "ಕೊಳೆತ ಕೋಸು ಇರುತ್ತಲ್ಲ, ಹಾಗೆ," ಎಂದಿದ್ದಳು. ಆ ಮಾತು ಈಗ ನೆನಪಾಯಿತು. ಮುಚ್ಚಿದ ಕಿಟಕಿಯನ್ನು ನೋಡಿದಳು. ಬಾಗಿಲ ಕೆಳಗಿನ ಸಂದಿಯನ್ನು ನೋಡಿದಳು. ಸಂದಿಯಾಚೆ ಮೆಟ್ಟಿಲು. ಮೆಟ್ಟಿಲ ಬುಡದಲ್ಲಿ ಮನೆಯೊಡತಿಯ ಕೋಣೆ. ಆ ಕೋಣೆಯಲ್ಲಿ ಗಂಡನ ಪಟ. ಪಟದ ಮುಂದೆ ಈ ಹೊತ್ತಿನಲ್ಲಿ ದಿನವೂ ಹಚ್ಚುವ ದೀಪ.

ಒಂದು ಕ್ಷಣ, ಒಂದೇ ಕ್ಷಣ, ಅವಳು ಅಲ್ಲೇ ಕುಳಿತಿದ್ದಳು. ಹೇಳಿದರೆ ಈ ಕೋಣೆ ಹೋಯಿತು ಎಂಬ ಯೋಚನೆ ಬಂತು. ಅನಂತರ ಕಾಲು ತಾನಾಗಿ ಓಡಿತು.

ಕರೆಗಂಟೆಯ ಗುಂಡಿಯವರೆಗೆ ಹೋದ ಬೆರಳನ್ನು ಅದು ವಿದ್ಯುತ್ತಿನದು, ಕಿಡಿ ಹಾರೀತು ಎಂದು ಹಿಂದಕ್ಕೆ ಎಳೆದುಕೊಂಡಳು. ಬಾಗಿಲು ದೂಡಿದಳು. ಮನೆಯೊಡತಿ ಪಟದ ಮುಂದೆ ನಿಂತು ಕಡ್ಡಿಯನ್ನು ಪೆಟ್ಟಿಗೆಗೆ ಒತ್ತಿದ್ದರು. ಗುಬ್ಬಿ ಆ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡಳು.

"ಹಚ್ಚಬೇಡಿ. ಕೋಸು ಚೆನ್ನಾಗಿದೆ. ನನಗೆ ವಾಸನೆ ಬರಲ್ಲ. ಚಿಕ್ಕಂದಿನಿಂದಲೂ ಬರಲ್ಲ. ನಿಮಗೆ ಹೇಳಿರಲಿಲ್ಲ."

ಅವರು ಅವಳ ಮುಖವನ್ನು ನೋಡಿದರು. ಕಡ್ಡಿಯನ್ನು ಪೆಟ್ಟಿಗೆಯೊಳಗೆ ಹಾಕಿ, ಪೆಟ್ಟಿಗೆಯನ್ನು ಕಿಟಕಿಯಿಂದ ಬೀದಿಗೆ ಎಸೆದು, ಮೆಟ್ಟಿಲು ಹತ್ತಿದರು. ಮೇಲಿನ ಬಾಗಿಲಲ್ಲಿ ನಿಂತು ಮುಖ ಕಿವುಚಿದರು.

"ಇದು ಕೋಸಲ್ಲ. ದೀಪ ಗೀಪ ಹಾಕಬೇಡ, ಕಿಟಕಿ ತೆಗಿ." ಸೆರಗಿನಿಂದ ಮೂಗು ಮುಚ್ಚಿ ಬಗ್ಗಿ ಕೀಲನ್ನು ತಿರುಗಿಸಿದರು. "ಇದನ್ನ ಯಾವತ್ತೂ ಮುಚ್ಚೇ ಇಲ್ವಾ ನೀನು?"

"ಅಮ್ಮ ಮುಚ್ತಿದ್ರು," ಎಂದಳು ಗುಬ್ಬಿ.

ಇಬ್ಬರೂ ಬೀದಿಗೆ ಬಂದು ಎದುರುಮನೆಯ ಕಟ್ಟೆಯ ಮೇಲೆ ಕುಳಿತರು. ಅಷ್ಟು ಜನರ ಕೊನೆಯುಸಿರನ್ನು ಕಂಡಿದ್ದ ದಾದಿಯ ಕೈಗಳು ಮಡಿಲಲ್ಲಿ ನಡುಗುತ್ತಿದ್ದವು. "ಎರಡು ದಿನ ದೀಪ ಹಚ್ಚಿದೀನಿ," ಎಂದರು ಮೆಲ್ಲಗೆ. "ಊದುಬತ್ತಿ ಬೇರೆ. ನಮ್ಮವರು ಹೋದ ಮೇಲೆ, ನನ್ನನ್ನೂ ಕರ್ಕೊಂಡು ಹೋಗಪ್ಪ ಅಂತ ದಿನಾ ಬೇಡ್ತಿದ್ದೆ. ಈಗ ನೋಡು, ಹೇಗೆ ನಡುಗ್ತಿದೀನಿ." ಕಾಪಾಡಿದ ದೇವರನ್ನು ನೆನೆದು ಇಬ್ಬರೂ ಕೈ ಮುಗಿದರು.

ಅಷ್ಟರಲ್ಲಿ ಫೋನು ಬಂತು. ಅಮ್ಮ. ಅದೇ ಪ್ರಶ್ನೆ. ಗುಬ್ಬಿ ಈ ಸಲ ಎಲ್ಲವನ್ನೂ ಹೇಳಿದಳು.

"ಇಷ್ಟು ದಿನ ಹೂಂ ಹೂಂ ಅಂದಿದ್ದೆಲ್ಲ ಸುಳ್ಳಾ?"

"ಹೌದಮ್ಮ."

"ಅವರ ಕೈಗೆ ಕೊಡು."

ಮನೆಯೊಡತಿ ಫೋನು ತೆಗೆದುಕೊಂಡು ಎದ್ದು ನಿಂತರು. "ಹೂಂ, ಹೇಳಿ... ಕೋಪ ಇದೆ, ಯಾಕಿರಲ್ಲ... ಇಟ್ಕೋತೀನಾ ಬಿಡ್ತೀನಾ ನನಗೇ ಗೊತ್ತಿಲ್ಲ. ಸಂಜೆ ಹೇಳ್ತೀನಿ." ಅಷ್ಟೇ ಹೇಳಿ ಹಿಂದಕ್ಕೆ ಕೊಟ್ಟರು.

ಮಧ್ಯಾಹ್ನ ಗ್ಯಾಸಿನವನು ಬಂದು ಒಂದು ಬಟ್ಟಲಲ್ಲಿ ಸೋಪು ನೀರು ಕಲಸಿ ಕೊಳವೆಯ ಮೇಲೆ ಸವರಿದ. ಒಂದೇ ಘಳಿಗೆ ಕೀಲು ತೆರೆದ. ಕೊಳವೆಯ ಬುಡದಲ್ಲಿ ಸಣ್ಣ ಗುಳ್ಳೆಗಳು ಎದ್ದು ಒಡೆದು ಮತ್ತೆ ಎದ್ದವು. ಗುಬ್ಬಿ ಕಣ್ಣು ಮಿಟುಕಿಸದೆ ನೋಡಿದಳು. ಇಷ್ಟು ವರ್ಷ ಎಲ್ಲರೂ ಹೆದರಿಸಿದ್ದ ಆ ಕಾಣದ ವಸ್ತುವನ್ನು ಅವಳು ಕಂಡದ್ದು ಅದೇ ಮೊದಲು. ಅವನು ಹೊಸ ಕೊಳವೆ ಹಾಕಿ, ಮತ್ತೆ ಸವರಿ, ಗುಳ್ಳೆ ಏಳದ್ದನ್ನು ತೋರಿಸಿ ಹೋದ.

ಮನೆಯೊಡತಿ ಬಾಗಿಲಿಗೆ ಒರಗಿ ನಿಂತಿದ್ದರು. "ಈಗ ವಾಸನೆ ಇಲ್ಲ. ಹಚ್ಚು, ನೋಡೋಣ."

ಗುಬ್ಬಿ ಕಡ್ಡಿ ತೆಗೆದಳು. ಮೊದಲನೆಯದು ಮುರಿಯಿತು; ಎರಡನೆಯದು ಜಾರಿ ನೆಲಕ್ಕೆ ಬಿತ್ತು. ಅವಳು ಪೆಟ್ಟಿಗೆಯನ್ನು ಕಟ್ಟೆಯ ಮೇಲಿಟ್ಟು, "ಆಗಲ್ಲ ನನ್ನ ಕೈಲಿ. ಭಯ ಆಗುತ್ತೆ," ಎಂದಳು.

"ಹಿಂದಿದ್ದೋನಿಗೆ ಆ ಭಯಾನೇ ಇರಲಿಲ್ಲ ನೋಡು," ಎಂದರು ಮನೆಯೊಡತಿ. ಒಳಗೆ ಬಂದು ನೆಲದ ಮೇಲಿನ ಕಡ್ಡಿಯನ್ನು ಎತ್ತಿಕೊಂಡರು. "ನಿಮ್ಮಮ್ಮನಿಗೆ ಫೋನ್ ಮಾಡು. ಒಂದು ತಿಂಗಳು ಇರ್ತಾಳೆ, ಆಮೇಲೆ ನೋಡೋಣ ಅಂತ ನಾನೇ ಹೇಳ್ತೀನಿ. ಆ ಸೋಪಿನ ಬಟ್ಟಲು ಚೆಲ್ಲಬೇಡ, ಹಚ್ಚೋ ಮುಂಚೆ ಸವರಿ ನೋಡೋಕೆ ಅಲ್ಲೇ ಇರಲಿ."

ಗುಬ್ಬಿ ಫೋನು ಮಾಡಿ ಅವರ ಕೈಗಿತ್ತಳು. ಅವರು ಮಾತಾಡುತ್ತಿದ್ದಷ್ಟು ಹೊತ್ತೂ ಅವಳು ಬಗ್ಗಿ ಸೋಪು ಸವರಿದ ಹೊಸ ಕೊಳವೆಯ ಬುಡವನ್ನೇ ನೋಡುತ್ತಿದ್ದಳು. ಒಂದು ಗುಳ್ಳೆಯೂ ಏಳಲಿಲ್ಲ. ಆದರೂ ಕಣ್ಣು ಕೀಳಲು ಧೈರ್ಯ ಬರಲಿಲ್ಲ.