ಶಾಲೆಯ ಹಂಡೆಗೆ ಕಲಾಯಿ

ಸಾವಿರದ ಒಂಬೈನೂರ ಮೂವತ್ತಾರನೆಯ ಇಸವಿಯ ಮಾತು. ಶಿರಸಿಯಲ್ಲಿ ಕಲಾಯಿ ನೂರ್ ಅಹ್ಮದ್ ಅಂದರೆ ಗೊತ್ತಿಲ್ಲದ ಮನೆಯಿರಲಿಲ್ಲ. ಬೆಂಕಿಗೆ ಗಾಳಿಯೂದುವ ತಿದಿ, ತವರ, ನವಸಾಗರದ ಪುಡಿ ಹೊತ್ತು ಕೇರಿಕೇರಿ ತಿರುಗಿ ತಾಮ್ರದ ಪಾತ್ರೆಗಳಿಗೆ ತವರ ಹಚ್ಚಿ ಬೆಳ್ಳಗೆ ಕಲಾಯಿ ಹಾಕುವ ಮನುಷ್ಯ. ಮಗಳು ರಜಿಯಾಳನ್ನು ಕನ್ನಡ ಶಾಲೆಗೆ ಹಾಕಿದ್ದು ಅವನಿಗೆ ದೊಡ್ಡ ಹೆಮ್ಮೆ. ಆ ಹೆಮ್ಮೆಯಲ್ಲೇ ಒಂದು ಎಡವಟ್ಟು ಮಾಡಿಕೊಂಡ.

“ಮನೆಯಲ್ಲಿ ಉರ್ದು ಆಡಿದರೆ ಮಗುವಿಗೆ ಕನ್ನಡ ಹತ್ತೋದಿಲ್ಲ” ಎಂದು ಪೇಟೆಯಲ್ಲಿ ಯಾರೋ ಅಂದರು. ಅಂದಿನಿಂದ ಮನೆಯಲ್ಲಿ ಉರ್ದು ಬಂದ್. ಆದರೆ ಅವನಿಗೆ ಬರುತ್ತಿದ್ದುದು ಗಿರಾಕಿಗಳ ಜೊತೆ ಆಡುವಷ್ಟೇ ಕನ್ನಡ. ಊಟಕ್ಕೆ ಕೂತರೆ ಹೆಂಡತಿಗೆ, “ಅಮ್ಮಾ, ದೊಡ್ಡ ಪಾತ್ರೆ ಇದ್ದರೆ ತನ್ನಿ” ಎನ್ನುತ್ತಿದ್ದ. ಮಲಗುವಾಗ ಮಗಳಿಗೆ, “ಸರಿ, ನಾಳೆ ಬರ್ತೇನೆ.” ಹೆಂಡತಿ ಶಮ್ಸುನ್ನಿಸಾಳಿಗೆ ಅಷ್ಟೂ ಬಾರದು. ಹೂಂ, ಉಹೂಂ ಎನ್ನುತ್ತಲೇ ಸಂಸಾರ ನಡೆಸಿದಳು. ದಿನಾ ಮಗಳಿಗೆ ಕಥೆ ಹೇಳುತ್ತಿದ್ದವಳ ಬಾಯಿಗೆ ಬೀಗ ಬಿತ್ತು.

ಎರಡು ತಿಂಗಳಾಗುವಷ್ಟರಲ್ಲಿ, ಅರಳು ಹುರಿದಂತೆ ಮಾತಾಡುತ್ತಿದ್ದ ರಜಿಯಾ ಮನೆಯಲ್ಲೂ ಮೂಕಿ, ಶಾಲೆಯಲ್ಲೂ ಮೂಕಿ. ನೂರ್ ಅಹ್ಮದ್ ಶುಕ್ರವಾರ ನಮಾಜು ಮುಗಿಸಿ ನೆಟ್ಟಗೆ ಶಾಲೆಗೆ ಹೋದ. ಅಲ್ಲಿ ಪಾಠ ಹೇಳುವ ಅಕ್ಕೋರು ನೀಲಗಂಗವ್ವ, ಬನವಾಸಿ ಕಡೆಯವರು.

“ಅಕ್ಕೋರೇ, ಹುಡುಗಿ ಹೆಸರು ತೆಗೆದುಬಿಡಿ. ನಮ್ಮ ಮಕ್ಕಳಿಗೆ ಕನ್ನಡ ಬರೋದಿಲ್ಲ.”

“ಯಾಕ್ರಿ ನೂರಣ್ಣ? ಮನ್ಯಾಗ ಏನ್ ಮಾತಾಡ್ತೀರಿ?”

“ಬರೀ ಕನ್ನಡ. ಉರ್ದು ಪೂರಾ ಬಿಟ್ಟಿದ್ದೇವೆ.”

ಅಕ್ಕೋರು ನಗು ತಡೆದುಕೊಂಡರು. “ತವರ ಹಚ್ಚಬೇಕಂತ ತಾಮ್ರ ಒಗೀತೀರೇನು?”

“ತಾಮ್ರ ಬಿಸಾಡಿದರೆ ತವರ ಎಲ್ಲಿಗೆ ಹಚ್ಚೋದು?”

“ಇದೂ ಹಂಗ ಐತ್ರಿ. ತಾಯಿ ಮಾತಿನಾಗ ಕಥಿ ಕೇಳಿದ ಕೂಸು ಕನ್ನಡದಾಗೂ ಕಥಿ ಹೇಳ್ತೈತಿ. ಮನ್ಯಾಗ ನಿಮ್ಮ ಮಾತು ಆಡ್ರಿ.”

“ನಮಗೆ ಓದು ಬರೋದಿಲ್ಲ. ನಾವೇನು ಕಲಿಸೋದು?”

“ಓದು ಬ್ಯಾಡ್ರಿ. ಸಾಲ್ಯಾಗ ಇವತ್ತ ಏನ್ ಕಲಿತಿ ಅಂತ ದಿನಾ ಕೇಳ್ರಿ, ಅಷ್ಟ ಸಾಕು. ಸೋಮವಾರ ಸಾಲಿ ಹಂಡೇಕ ಕಲಾಯಿ ಹಾಕಾಕ ಬರ್ರಿ. ಮನಿಯವರನ್ನೂ ಕರಕೊಂಡು ಬರ್ರಿ. ಆಮ್ಯಾಲೆ ಹೆಸರಿನ ಮಾತು.”

ಪೂರ್ತಿ ನಂಬಿಕೆ ಬರಲಿಲ್ಲ. ಆದರೂ ಆ ಸಂಜೆ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಉರ್ದುವಿನಲ್ಲೇ ಮಾತಿಗೆಳೆದ. ರಜಿಯಾ ಮೊದಲು ಅವ್ವನ ಮುಖ ನೋಡಿದಳು, ಆಮೇಲೆ ನಕ್ಕಳು. ಎರಡು ತಿಂಗಳಿಂದ ಬಾಕಿ ಉಳಿದಿದ್ದ ಕಥೆಗಳನ್ನೆಲ್ಲ ಶಮ್ಸುನ್ನಿಸಾ ಮೂರು ದಿನದಲ್ಲಿ ಹೇಳಿ ಮುಗಿಸಿದಳು.

ಸೋಮವಾರ ಶಾಲೆಯ ಅಂಗಳದಲ್ಲಿ ಒಲೆ ಹೂಡಿದರು. ತಲೆಯ ಮೇಲೆ ಸೆರಗು ಹೊದ್ದು ಶಮ್ಸುನ್ನಿಸಾ ತಿದಿ ಒತ್ತಿದಳು. ಮಕ್ಕಳೆಲ್ಲ ಸುತ್ತ ನಿಂತವು.

“ರಜಿಯಾ, ಅಪ್ಪ ಏನ್ ಮಾಡಾಕತ್ತಾರ, ನಮಗ ಹೇಳು” ಎಂದರು ಅಕ್ಕೋರು.

ಹುಡುಗಿ ಅವ್ವನ ಬೆನ್ನ ಹಿಂದೆ ಸರಿದಳು. ನೂರ್ ಅಹ್ಮದನ ಕೈ ಇಕ್ಕಳದ ಮೇಲೆಯೇ ನಿಂತಿತು. ಆಗ ಶಮ್ಸುನ್ನಿಸಾ ತಿದಿ ಬಿಡದೆ, ಮೆಲ್ಲಗೆ ಉರ್ದುವಿನಲ್ಲಿ, “ಮೊದಲು ಏನು ಮಾಡೋದು, ಬೇಟಿ?” ಎಂದಳು. ರಜಿಯಾ ಅವ್ವನಿಗೆ ಉರ್ದುವಿನಲ್ಲಿ ಉತ್ತರ ಕೊಟ್ಟು, ಮಕ್ಕಳ ಕಡೆ ತಿರುಗಿದಳು.

“ಮೊದಲು ಹುಣಸೆಹಣ್ಣು ಹಚ್ಚಿ ತಿಕ್ಕಬೇಕು. ಆಮೇಲೆ ಬೆಂಕಿಗೆ ಹಿಡಿಯಬೇಕು. ಕಾದ ಮೇಲೆ ತವರ ಹಚ್ಚಬೇಕು.”

“ಆ ಹೊಗೆ ಎಂತದು?” ಒಬ್ಬಳು ಕೇಳಿದಳು.

“ಅದು ನವಸಾಗರದ್ದು. ಹತ್ತಿರ ಬಂದರೆ ಕೆಮ್ಮು ಬರ್ತದೆ.”

ಕೇಳಿದವಳು ಆಗಲೇ ಕೆಮ್ಮುತ್ತಿದ್ದಳು. ಎಲ್ಲರೂ ನಕ್ಕರು. ಹುರುಪು ಬಂದ ರಜಿಯಾ ಸೊಂಟದ ಮೇಲೆ ಕೈಯಿಟ್ಟು ಅಪ್ಪನ ಧಾಟಿಯಲ್ಲೇ ಕೂಗಿದಳು: “ಅಮ್ಮಾ, ದೊಡ್ಡ ಪಾತ್ರೆ ಇದ್ದರೆ ತನ್ನಿ!” ಅಂಗಳವೆಲ್ಲ ನಗು. ಶಮ್ಸುನ್ನಿಸಾ ಸೆರಗಿನೊಳಗೇ ನಕ್ಕೂ ನಕ್ಕೂ ತಿದಿ ಒತ್ತುವುದನ್ನೇ ಮರೆತಳು.

ನೂರ್ ಅಹ್ಮದ್ ಕಣ್ಣೊರೆಸಿಕೊಂಡ. ತಪ್ಪನ್ನು ಹೊಗೆಯ ಮೇಲೆ ಹಾಕುವಂತಿರಲಿಲ್ಲ, ಖುಷಿಗೇ ಬಂದ ನೀರು. “ಅಕ್ಕೋರೇ, ಹೆಸರು ತೆಗೀಬೇಡಿ” ಎಂದ.

“ನಾ ತೆಗದಿದ್ದರ ಅಲ್ಲೇನ್ರಿ, ಹೆಸರು ಹಂಗ ಐತಿ” ಎಂದರು ಅವರು.

ತಾಯಿತಂದೆಯರೇ, ನಿಮ್ಮ ಮನೆಮಾತು ಉರ್ದುವೋ, ಕೊಂಕಣಿಯೋ, ಮರಾಠಿಯೋ, ಯಾವುದೇ ಇರಲಿ, ಅದನ್ನು ಮಗುವಿನಿಂದ ಕಸಿಯಬೇಡಿ. ಅಕ್ಷರ ಬಾರದು ಎಂದು ಶಾಲೆಯ ಬಾಗಿಲಲ್ಲಿ ಹಿಂಜರಿಯಬೇಡಿ. ಗುರುಗಳೇ, ಆ ತಾಯಿತಂದೆಯರನ್ನು ನೀವೇ ಶಾಲೆಗೆ ಕರೆಯಿರಿ. ತಾಯಿತಂದೆಯರೇ, ನೀವು ಇವತ್ತು ಸಂಜೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಮ್ಮದೇ ಮಾತಿನಲ್ಲಿ ಕೇಳಿ: “ಶಾಲೆಯಲ್ಲಿ ಇವತ್ತು ಏನು ಕಲಿತೆ?”