ಓರೆ ಕೊಳವೆ

ಬಾಯ್ಲರ್ ಕೂರಿಸುವ ನಮ್ಮ ಕಂಪನಿಯ ಯಜಮಾನ ಪ್ಲಾಮೆನ್‌ಗೆ ಕೊಳವೆ ತಿರುಗಿಸುವ ಬೆಂಡ್ ತುಂಡು ಕಂಡರೆ ಆಗದು. ನಕ್ಷೆಯಲ್ಲಿ ಕೊಳವೆ ಒಂದು ಸಲ ತಿರುಗಿದರೂ ಮುಖ ಗಂಟಿಕ್ಕುತ್ತಾನೆ. ತಿರುವು ಹೆಚ್ಚಿದರೆ ಅಂದಾಜು ಏರುತ್ತದೆ, ಅಂದಾಜು ಏರಿದರೆ ಗುತ್ತಿಗೆ ಕೈತಪ್ಪುತ್ತದೆ. ರೂಸೆ ಊರಲ್ಲಿ ಗುತ್ತಿಗೆದಾರರಿಗೆ ಬರವಿಲ್ಲ ನೋಡಿ.

ಊರಿನ ಒಂದು ಶಿಶುವಿಹಾರದ ಬಾಯ್ಲರ್ ಕೆಲಸಕ್ಕೆ ಅಂದಾಜು ಹಾಕಿದ್ದು ನನ್ನ ಪಕ್ಕದ ಮೇಜಿನ ರಾಲಿತ್ಸಾ. ಅವಳ ಮಗ ಕಾಲೋಯಾನ್ ಹೋಗುವುದೂ ಅಲ್ಲಿಗೇ. ಊಟವಾದ ಮೇಲೆ ಮಕ್ಕಳನ್ನೆಲ್ಲ ಸಾಲು ಮಂಚಗಳಲ್ಲಿ ಮಲಗಿಸುತ್ತಾರೆ. ಇವನೊಬ್ಬ ಕಣ್ಣು ಮುಚ್ಚುವವನಲ್ಲ. ಪಕ್ಕದವರ ಕಂಬಳಿ ಎಳೆಯುತ್ತಾನೆ, ಕಾಲ್ಚೀಲ ಬಚ್ಚಿಡುತ್ತಾನೆ ಎಂದು ಟೀಚರಮ್ಮನ ದೂರು ದಿನಾ ಇದ್ದದ್ದೇ. ನಮಗೋ ಅದು ಕಾಫಿಯ ಜೊತೆಗಿನ ಸುದ್ದಿ.

ಬಾಯ್ಲರಿನ ಹೊಗೆ ಕೊಳವೆಯನ್ನು ರಾಲಿತ್ಸಾ ಕಂಪ್ಯೂಟರಿನ ನಕ್ಷೆಯಲ್ಲಿ ಕಾರಿಡಾರಿನ ಗೋಡೆಗುಂಟ, ಲಂಬಕೋನದ ತಿರುವುಗಳಲ್ಲಿ ಎಳೆದಿದ್ದಳು. ಪ್ಲಾಮೆನ್ ಬಂದು ಅವಳ ಕೈಯಿಂದ ಮೌಸ್ ಕಿತ್ತುಕೊಂಡ. ಒಂದು ಗುಂಡಿ ಒತ್ತಿದರೆ ಸಾಕು, ಗೆರೆ ಯಾವ ಕೋನದಲ್ಲಿ ಬೇಕಾದರೂ ಓಡುತ್ತದೆ. ಬಾಯ್ಲರ್ ಕೋಣೆಯಿಂದ ಹೊರಗೋಡೆಗೆ ಒಂದೇ ಓರೆ ಗೆರೆ ಎಳೆದ. ಅದು ಮಕ್ಕಳು ಮಲಗುವ ಕೋಣೆಯ ಮೇಲೆ ಹಾದುಹೋಯಿತು.

“ಈ ಕೋನಕ್ಕೆ ಅಂಗಡೀಲಿ ಬೆಂಡೇ ಸಿಗಲ್ಲ ಸಾರ್. ಸರಿಯಾಗಿ ಕೂರ್ದೆ ಹೊಗೆ ಸೋರಿದ್ರೆ? ಅದರಲ್ಲಿರೋ ವಿಷಗಾಳಿಗೆ ವಾಸನೇನೂ ಇರಲ್ಲ. ಕೆಳಗೆ ಮಕ್ಕಳು ಮಲಗ್ತಾರೆ.”

“ಇದು ಬರೀ ಲೆಕ್ಕಕ್ಕಮ್ಮ. ಹಾಕೋವಾಗ ಕಾರಿಡಾರಲ್ಲೇ ತಗೊಂಡು ಹೋಗ್ತಾರೆ. ಸ್ತಾಮೆನ್‌ಗೆ ನಾನೇ ಹೇಳ್ತೀನಿ.”

ಸ್ತಾಮೆನ್ ನಮ್ಮ ಮೇಸ್ತ್ರಿ. ನಕ್ಷೆಯಲ್ಲಿ ಒಂದು, ಕಟ್ಟಡದಲ್ಲಿ ಇನ್ನೊಂದು. ನಮ್ಮ ಕಸುಬೇ ಹಾಗೆ. ಅವಳು ನಂಬಿದಳು. ಗುತ್ತಿಗೆ ಸಿಕ್ಕಿತು. ಪ್ಲಾಮೆನ್ ಎಲ್ಲರಿಗೂ ಬಿಸಿ ಬಿಸಿ ಬಾನಿತ್ಸಾ ತರಿಸಿ ತಿನ್ನಿಸಿದ.

ಮೊದಲ ಹಿಮ ಬಿದ್ದ ವಾರ. ಮಧ್ಯಾಹ್ನ ಊಟ ಮುಗಿಸಿ ಕೂತಿದ್ದಾಗ ಸ್ತಾಮೆನ್ ಬೇರೇನೋ ಕೆಲಸಕ್ಕೆ ರಾಲಿತ್ಸಾಗೆ ಫೋನ್ ಮಾಡಿದ. ಫೋನ್ ಸ್ಪೀಕರಿನಲ್ಲಿತ್ತು. ಮಾತಿನ ಮಧ್ಯೆ ಅವಳನ್ನು ಹೊಗಳತೊಡಗಿದ.

“ಶಿಶುವಿಹಾರದ ಕೊಳವೆ ನೀನು ಎಳೆದ ಹಾಗೇ ಓರೆಯಾಗಿ ಹಾಕಿದ್ವಿ ತಾಯಿ. ನೀವು ಕಳಿಸಿದ ಸಾಮಾನು ಅಷ್ಟಕ್ಕೇ ಆಗಿದ್ದು. ಬೆಂಡ್ ಮಾತ್ರ ಕೂರ್ಲಿಲ್ಲ, ಬಡಿದು ಬಗ್ಗಿಸಿ ಟೇಪ್ ಸುತ್ತಿದೀವಿ. ಬೆಳಿಗ್ಗೆ ಬಾಯ್ಲರ್ ಹಚ್ಚಿದ್ರಂತೆ.”

ಯಜಮಾನರು ಏನೂ ಹೇಳಲಿಲ್ಲವೇ ಎಂದು ಅವಳು ಕೇಳಿದಳು. ಏನು ಹೇಳಬೇಕಿತ್ತು ಎಂದು ಅವನು ತಿರುಗಿ ಕೇಳಿದ.

ರಾಲಿತ್ಸಾಳ ಮುಖ ಬಿಳಿಚಿಕೊಂಡಿತು. ಮಾತು ಅರ್ಧಕ್ಕೇ ಕಡಿದು ಶಿಶುವಿಹಾರದ ನಂಬರು ಒತ್ತಿದಳು. ಪ್ಲಾಮೆನ್, ಆ ಪುಣ್ಯಾತ್ಮ, ತನ್ನ ಕೋಣೆಯ ಬಾಗಿಲನ್ನು ಸದ್ದಿಲ್ಲದೆ ಮುಚ್ಚಿಕೊಂಡ.

ಬಹಳ ಹೊತ್ತು ರಿಂಗಾದ ಮೇಲೆ ಅಡುಗೆಯಾಕೆ ಎತ್ತಿದಳು. ಮಕ್ಕಳನ್ನು ಹೊರಗೆ ತನ್ನಿ ಎಂದು ಇವಳು ಕೂಗುವಷ್ಟರಲ್ಲಿ ಆಕೆಯೇ ಪಿಸುಗುಟ್ಟಿದಳು.

“ಮೆಲ್ಲಗೆ ಮಾತಾಡಮ್ಮ. ಇವತ್ತು ಎಲ್ಲರೂ ಹಾಸಿಗೆಗೆ ಬಿದ್ದಿದ್ದೇ ತಡ, ನಿದ್ದೆ. ಟೀಚರಮ್ಮನೂ ಕುರ್ಚೀಲೇ ತೂಕಡಿಸ್ತಿದಾರೆ. ನಿನ್ನ ಕಾಲೋಯಾನ್ ಕೂಡ ಮಲಗಿದಾನೆ ಕಣೆ, ಒಂಚೂರೂ ಅಲುಗಾಡ್ತಿಲ್ಲ.”