ಸೇತುವೆಯ ಮುದುಕಿಗೆ ಎರಡು ಅಂಕ

ಅವನು ಆಡಿ ಮುಗಿಸಲಾಗದ ಗೇಮ್ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ ಎಂಬುದು ಅವನು ರಿವ್ಯೂ ಬರೆಯುವ ಜಾಲತಾಣದ ಓದುಗರ ನಂಬಿಕೆಯಾಗಿತ್ತು. ಆ ನಂಬಿಕೆಯನ್ನು ಹುಟ್ಟಿಸಿ, ತುತ್ತಿಟ್ಟು ಸಾಕಿದವನು ಅವನೇ. ಅವನ ಹೆಬ್ಬೆರಳು ಅಲುಗಿದರೆ ಪಕ್ಕದ ಬೀದಿಯ ರಾಕ್ಷಸರೂ ಚಿಲಕ ಹಾಕಿಕೊಳ್ಳುತ್ತಿದ್ದರು. ಎಂಥ ದೈತ್ಯನನ್ನಾದರೂ ಒಂದೇ ಏಟಿಗೆ ಮಲಗಿಸಿದೆ ಎಂದು ರಿವ್ಯೂಗಳಲ್ಲಿ ಬರೆದೂ ಬರೆದೂ ಅವನ ಹೆಸರೇ ‘ಒಂದೇಟು’ ಎಂದಾಗಿ, ಹೆತ್ತ ತಾಯಿಯೂ ಊಟಕ್ಕೆ ಹಾಗೆಯೇ ಕೂಗುವಂತಾಗಿತ್ತು.

ಅಂಥ ಒಂದೇಟು ಆ ಮಧ್ಯಾಹ್ನ ಕಚೇರಿಯ ಆಟದ ಕೋಣೆಯಲ್ಲಿ, ಪರದೆ ಎಳೆದ ಕಿಟಕಿಗೆ ಬೆನ್ನು ಮಾಡಿ ಕೂತು, ಒಬ್ಬ ಮುದುಕಿಯ ಕೈಯಲ್ಲಿ ಮತ್ತೆ ಮತ್ತೆ ಸಾಯುತ್ತಿದ್ದ.

ಮುದುಕಿ ಇದ್ದದ್ದು ಸ್ಕ್ರೀನಿನೊಳಗೆ. ‘ಮುಷ್ಟಿ ಮತ್ತು ಮಂಜು’ ಎಂಬ ಆ ಹೊಸ ಗೇಮಿನಲ್ಲಿ ಒಂದು ದೇಶಕ್ಕೆ ದೇಶವೇ ತುಂಬಿತ್ತು. ಕಾಡು, ಕಣಿವೆ, ಪೇಟೆ, ಹೊಳೆ, ಎಲ್ಲಿಗೆ ಬೇಕಾದರೂ ನುಗ್ಗಬಹುದು, ಯಾರ ಜೊತೆ ಬೇಕಾದರೂ ಕೈ ಮಿಲಾಯಿಸಬಹುದು. ಒಂದೇಟು ಆ ದೇಶದ ಕಳ್ಳರನ್ನೆಲ್ಲ ಹೊಡೆದು ಹಾಕಿದ್ದ. ಕಳ್ಳರು ಮುಗಿದ ಮೇಲೆ ಬೇಜಾರಿಗೆ ಎರಡು ಕರಡಿಗಳನ್ನೂ ಹೊಡೆದಿದ್ದ. ಉಳಿದದ್ದು ಒಂದೇ ಕಾಳಗ. ಮಂಜು ಕವಿದ ಹಗ್ಗದ ಸೇತುವೆಯ ಮೇಲೆ ಕೋಲು ಹಿಡಿದು ನಿಂತ ಬೆನ್ನು ಬಾಗಿದ ಮುದುಕಿ. ಅವಳನ್ನು ದಾಟಿದರೆ ಗೇಮ್ ಮುಗಿಯಿತು. ಆದರೆ ಅವಳ ಕೋಲು ಮಿಂಚಿಗಿಂತ ಒಂದು ಗಳಿಗೆ ಮೊದಲೇ ಬಂದು ಬೀಳುತ್ತಿತ್ತು. ಒಂದೇಟು ಹಾರುತ್ತಿದ್ದ, ಉರುಳುತ್ತಿದ್ದ, ಮತ್ತೆ ಹಾರುತ್ತಿದ್ದ, ಕೊನೆಗೆ ಹೊಳೆಗೆ ಬೀಳುತ್ತಿದ್ದ. ವಾರವಿಡೀ ಬಿದ್ದು ಬಿದ್ದು ಆ ಹೊಳೆಯ ಮೀನುಗಳಿಗೆ ಅವನ ಗುರುತು ಸಿಕ್ಕಿರಬೇಕು.

ಯಾರನ್ನಾದರೂ ಕೇಳೋಣವೆಂದರೆ ಹಾಗಿಲ್ಲ. ಬಿಡುಗಡೆಗೆ ಮೊದಲೇ ಗೇಮ್ ಕೈಗೆ ಬಂದ ವಿಮರ್ಶಕರೆಲ್ಲ ಬಾಯಿಗೆ ಬೀಗ ಹಾಕಿಕೊಳ್ಳುವ ಮಾತು ಕೊಟ್ಟಿರುತ್ತಾರೆ. ಗೇಮ್ ಮಾಡಿದವರನ್ನು ಕೇಳಬಹುದಿತ್ತು. ಆದರೆ ಒಂದೇಟು ಹೋಗಿ, ಸ್ವಾಮೀ, ಮುದುಕಿ ಹೊಡೆಯುತ್ತಾಳೆ ಎನ್ನುವುದೇ? ಹಲ್ಲು ಕಡಿದು ರಿವ್ಯೂ ಬರೆದಿಟ್ಟ. ಹತ್ತಕ್ಕೆ ಎರಡು ಅಂಕ.

“ಈ ಗೇಮಿನಲ್ಲಿ ಮೆಚ್ಚುವಂಥದ್ದು ನಮಸ್ಕಾರದ ಬಟನ್ ಒಂದೇ. ಎಡಗೈ ತೋರುಬೆರಳಿನ ಬಟನ್ ಒತ್ತಿದರೆ ನಾಯಕನು ಮುಂಗೈಗಳೆರಡನ್ನೂ ಮುಖದ ಮುಂದೆ ಅಡ್ಡ ಹಿಡಿದು ವಂದಿಸುತ್ತಾನೆ. ಇಷ್ಟು ವಿನಯ ಕಲಿಸಿದವರಿಗೆ, ಬೀಳುವ ಏಟನ್ನು ತಡೆಯಲು ಒಂದು ಬಟನ್ ಇಡುವ ಬುದ್ಧಿ ಮಾತ್ರ ಬರಲಿಲ್ಲ. ಇದು ಕಾಳಗವಲ್ಲ, ಕೊಲೆ.”

ಸಂಪಾದಕಿ ಅದನ್ನು ಓದಿ, ಕನ್ನಡಕ ತೆಗೆದು ಅವನ ಎದುರಿಗೇ ಕುರ್ಚಿ ಎಳೆದುಕೊಂಡಳು. ಅವಳು ಕನ್ನಡಕ ತೆಗೆದಳೆಂದರೆ ಕಚೇರಿಯ ಫ್ಯಾನು ಕೂಡ ಸದ್ದಿಲ್ಲದೆ ತಿರುಗುತ್ತಿತ್ತು.

“ಎರಡು ಅಂಕ ಅಂದ್ರೆ ಏನಂತ ಗೊತ್ತೇನಪ್ಪಾ? ಇದನ್ನ ಮಾಡಿರೋರು ಬೆರಳೆಣಿಕೆ ಜನ. ಇದೇ ಮೊದಲನೇ ಗೇಮ್ ಅವರಿಗೆ. ನಿನ್ನ ರಿವ್ಯೂ ಓದಿದ ಮೇಲೆ ಯಾರೂ ಮೂಸಿ ಕೂಡ ನೋಡಲ್ಲ.”

“ಕೆಟ್ಟದ್ದನ್ನ ಕೆಟ್ಟದ್ದು ಅನ್ನೋಕೆ ತಾನೇ ಮೇಡಂ ನನ್ನ ಇಟ್ಕೊಂಡಿರೋದು?”

“ನಿಜವಾಗ್ಲೂ ಕೆಟ್ಟಿದ್ರೆ ಬರಿ, ಬೇಡ ಅನ್ನಲ್ಲ. ಆದ್ರೆ ಮುಗಿಸದ ಗೇಮಿಗೆ ನಾವು ಯಾವತ್ತೂ ಅಂಕ ಕೊಟ್ಟಿಲ್ಲ. ಮುಗಿಸೋಕೇ ಆಗಲ್ಲ ಅಂತೀಯಲ್ಲ, ಅದನ್ನ ಓದುಗರ ಕಣ್ಣೆದುರಿಗೇ ತೋರಿಸು. ಈಗಲೇ ಲೈವ್ ಹೋಗು. ಕಾಳಗ ತೋರಿಸಬಹುದು, ಅಂಕ ಮಾತ್ರ ಸಂಜೆ ನಾಲ್ಕು ಗಂಟೆವರೆಗೂ ಹೇಳೋ ಹಾಗಿಲ್ಲ ಅಂತ ಗೇಮ್ ಮಾಡಿದವರೇ ಒಪ್ಪಿದಾರೆ. ನಾಲ್ಕಕ್ಕೆ ರಿವ್ಯೂ ತಾನಾಗೇ ಹೊರಗೆ ಹೋಗುತ್ತೆ.” ಕನ್ನಡಕ ಮತ್ತೆ ಮೂಗಿಗೇರಿತು. “ತಪ್ಪು ನಿನ್ನದಾಗಿದ್ರೆ, ನೀನು ಇನ್ನೊಂದು ರಿವ್ಯೂ ಬರೆಯೋ ಜಾಗ ಇದಲ್ಲ.”

ಒಂದೇಟು ನಕ್ಕ. ನಗುತ್ತಲೇ ಗೇಮಿನ ಕಂಟ್ರೋಲರನ್ನು ಕೈಗೆತ್ತಿಕೊಂಡ.

ಹಾರಿ ಹಾರಿ ಅವನ ಬಲಗೈ ಹೆಬ್ಬೆರಳು ಕುಂಬಳಕಾಯಿಯಷ್ಟು ಊದಿಕೊಂಡಿತ್ತು. ಅದಕ್ಕೆ ಪಟ್ಟಿ ಸುತ್ತಲು ಅವನ ಅಕ್ಕ ಬಂದಿದ್ದಳು. ಅವಳು ಎರಡು ಬೀದಿ ಆಚೆ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಬೆನ್ನು, ಮೊಣಕಾಲು ನೀವುವವಳು. ಗೇಮ್ ಎಂದರೆ ತಮ್ಮ ಹಾಳಾದ ದಾರಿ ಎಂದಷ್ಟೇ ತಿಳಿದವಳು.

“ಲೋ, ಇರೋ ಹತ್ತು ಬೆರಳಲ್ಲಿ ಇದೊಂದನ್ನೇ ಯಾಕೋ ಇಷ್ಟು ದುಡಿಸಿದೀಯ?”

“ಹಾರೋದು ಅದರಲ್ಲೇ ಕಣಕ್ಕಾ. ಸುಮ್ನೆ ಬಿಗಿಯಾಗಿ ಕಟ್ಟು.”

“ಬಿಗಿಯಾಗಿ ಕಟ್ಟಿದ್ರೆ ಅಲ್ಲಾಡಿಸೋಕೆ ಆಗಲ್ಲ. ಈ ಎಡಗೈ ಬೆರಳೆಲ್ಲ ಮಾವನ ಮನೆಗೆ ಬಂದಿರೋ ಹಾಗೆ ಆರಾಮಾಗಿವೆಯಲ್ಲ, ಇವಕ್ಕೇನು ಕೆಲಸ ಇಲ್ವಾ?”

“ಆ ಕೈಯ ತೋರುಬೆರಳು ನಮಸ್ಕಾರದ್ದು.”

“ಹಾಗಾದ್ರೆ ಆ ಅಜ್ಜಿಗೊಂದು ನಮಸ್ಕಾರ ಹೊಡಿಯೋ, ಕರಗಿದ್ರೂ ಕರಗಬಹುದು.”

“ಶತ್ರುಗೆ ನಮಸ್ಕಾರ ಹಾಕೋ ಪೈಕಿ ಅಲ್ಲ ನಾನು,” ಎಂದು ಒಂದೇಟು ಎದೆ ಉಬ್ಬಿಸಿದ. ಅದು ಸುಳ್ಳಲ್ಲ. ಆ ದೇಶದ ತರಕಾರಿಯವನಿಗೆ, ದೋಣಿಯವನಿಗೆ, ಕುರಿ ಮೇಯಿಸುವವನಿಗೆ, ಕೊನೆಗೆ ಕುರಿಗೂ ನಮಸ್ಕಾರ ಹಾಕಿದ್ದ. ಹೊಡೆಯಲು ಕೈ ಎತ್ತಿದವರಿಗೆ ಮಾತ್ರ ಒಮ್ಮೆಯೂ ಹಾಕಿರಲಿಲ್ಲ.

ಲೈವ್ ಶುರುವಾಯಿತು. ಸ್ಕ್ರೀನಿನ ಪಕ್ಕದಲ್ಲಿ ಕಾಮೆಂಟುಗಳು ಇರುವೆ ಸಾಲಿನಂತೆ ಹರಿದವು. ‘ಒಂದೇಟು ಬಂದ’, ‘ಅಜ್ಜಿ ಕಥೆ ಮುಗೀತು’, ‘ಅಯ್ಯೋ ಪಾಪ, ಮುದುಕಿ.’ ಸಂಪಾದಕಿ ಬಾಗಿಲ ಬಳಿ ಕೈಕಟ್ಟಿ ನಿಂತಳು. ಅಕ್ಕ ಹಿಂದೆ ಸ್ಟೂಲಿನ ಮೇಲೆ ಕೂತಳು.

ಮಂಜು ಸರಿಯಿತು. ಮುದುಕಿ ಕೋಲನ್ನು ನೆಲಕ್ಕೊಮ್ಮೆ ತಟ್ಟಿದಳು.

ಮೊದಲ ಸಲ ಕಣ್ಣು ಮಿಟುಕಿಸುವುದರೊಳಗೆ ಹೊಳೆಗೆ ಬಿದ್ದ. “ನೋಡಿದ್ರಲ್ಲಾ?” ಎಂದ ಮೈಕಿಗೆ. “ತಡೆಯೋ ದಾರಿನೇ ಇಟ್ಟಿಲ್ಲ ಇವರು.” ಎರಡನೇ ಸಲ ಸೇತುವೆಯ ಅರ್ಧದವರೆಗೆ ಹೋದ. ಹೆಬ್ಬೆರಳು ಕಾದ ಕಬ್ಬಿಣದಂತೆ ಸುಡುತ್ತಿತ್ತು. ಗೋಡೆಯ ಗಡಿಯಾರ ನಾಲ್ಕಕ್ಕೆ ಹತ್ತಿರವಾಗುತ್ತಿತ್ತು, ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಸಂಪಾದಕಿಯ ಫೋನು ಕೂಗಿತು; ಅವಳು ಮಾತಾಡುತ್ತ ಕಾರಿಡಾರಿಗೆ ಹೋದಳು.

ಮತ್ತೊಂದು ಸಲ. ಮುದುಕಿ ಕೋಲೆತ್ತಿ ಗಾಳಿಯನ್ನೇ ಸೀಳಿಕೊಂಡು ಬಂದಳು. ಹಾರಬೇಕು. ಹೆಬ್ಬೆರಳು ಕೈಕೊಟ್ಟಿತು. ನೋವಿಗೆ ಮುಷ್ಟಿ ಬಿಗಿದಾಗ ಹತ್ತು ಬೆರಳೂ ಒಟ್ಟಿಗೆ ಕಂಟ್ರೋಲರನ್ನು ಅದುಮಿದವು.

ಠಣ್!

ನಾಯಕನ ಮುಂಗೈಗಳು ಮುಖದ ಮುಂದೆ ಅಡ್ಡ ನಿಂತಿದ್ದವು. ಮುದುಕಿಯ ಕೋಲು ಅವುಗಳಿಗೆ ಬಡಿದು ಹಿಂದಕ್ಕೆ ಚಿಮ್ಮಿತ್ತು. ನಾಯಕನ ಜೀವ ಎಷ್ಟು ಉಳಿದಿದೆಯೆಂದು ತೋರಿಸುವ ರಕ್ತದ ಗೆರೆ ಒಂದು ಕೂದಲೆಳೆಯಷ್ಟೂ ಇಳಿದಿರಲಿಲ್ಲ.

ಒಂದೇಟಿನ ಕಿವಿಯಲ್ಲಿ ರೈಲು ಹಾದುಹೋಯಿತು. ಅವನಿಗೆ ಗೇಮಿನ ಮೊದಲ ನಿಮಿಷ ನೆನಪಾಯಿತು. ಗರಡಿಮನೆಯ ಅಂಗಳ, ಸಾಲಾಗಿ ಕೂತ ಎಳೆಯರು, ‘ಬಾ, ಮೊದಲ ಪಾಠ’ ಎಂದು ಕರೆದ ಗುರು. ಪಾಠ ಹೇಳಿಸಿಕೊಳ್ಳುವುದು ಹಸುಗೂಸುಗಳ ಕೆಲಸವೆಂದು ಇವನು ಗೋಡೆ ಹಾರಿ ಪೇಟೆಗೆ ಓಡಿದ್ದ. ದಾರಿಯಲ್ಲಿ ಮೊದಲು ಸಿಕ್ಕ ತರಕಾರಿಯವನ ಮುಂದೆ ಸುಮ್ಮನೆ ಬಟನ್ ಒತ್ತಿ ನೋಡಿದಾಗ ಕೈಗಳು ಹೀಗೆ ಎದ್ದಿದ್ದವು. ಓಹೋ, ನಮಸ್ಕಾರ ಅಂದುಕೊಂಡ. ಅಷ್ಟೇ. ಅಲ್ಲಿಂದ ಇಲ್ಲಿಯವರೆಗೆ, ತಡೆಯುವ ಕೈಯನ್ನು ಊರಿಗೆಲ್ಲ ನಮಸ್ಕಾರವೆಂದು ಹಂಚಿಕೊಂಡು ಬಂದಿದ್ದ.

‘ಇದೇನು?’ ‘ಗೇಮ್ ಕೆಟ್ಟಿತಾ?’ ಎಂದು ಕಾಮೆಂಟುಗಳು.

ಒಂದೇಟಿನ ನಾಲಿಗೆ ಅವನಿಗಿಂತ ಚುರುಕು. “ನೋಡಿ, ಇನ್ನೊಂದು ದೋಷ!” ಎಂದುಬಿಟ್ಟಿತು. “ಕೋಲು ಬಿದ್ರೂ ಏಟೇ ತಾಗಿಲ್ಲ. ಇಂಥಾ ಗೇಮ್ ಇದು.”

ಜನ ನಂಬಿದರು. ‘ಛೇ, ಪೂರ್ತಿ ಲಡ್ಡಾಗಿದೆ.’ ‘ನಾನಂತೂ ತಗೊಳ್ಳಲ್ಲ.’ ‘ನಾನೂ.’

ಎಷ್ಟು ಸುಲಭ! ಕಾರಿಡಾರಿನಲ್ಲಿದ್ದ ಸಂಪಾದಕಿ ನೋಡಿಲ್ಲ. ಈಗ ಒಂದು ಸಲ ಸಲೀಸಾಗಿ ಸತ್ತರೆ ಸಾಕು, ನಾಲ್ಕಾಗುತ್ತದೆ, ರಿವ್ಯೂ ತಾನೇ ಹೊರಡುತ್ತದೆ. ನಾಳೆ ಯಾರಾದರೂ ಕೇಳಿದರೆ, ತಡೆಯುವ ಬಟನ್ನನ್ನು ಬಿಡುಗಡೆಯಾದ ಮೇಲೆ ಅಪ್ಡೇಟಿನಲ್ಲಿ ಸೇರಿಸಿದ್ದಾರೆ ಎಂದರಾಯಿತು. ಗೇಮುಗಳಲ್ಲಿ ಅದು ದಿನಾ ನಡೆಯುವ ಮಾತು, ಯಾರೂ ಪ್ರಶ್ನಿಸುವುದಿಲ್ಲ. ಅವನ ಹೆಸರು ಉಳಿಯುತ್ತದೆ, ಕುರ್ಚಿಯೂ ಉಳಿಯುತ್ತದೆ. ಹೋಗುವುದು ಮುಖವೇ ಕಾಣದ ಆ ಬೆರಳೆಣಿಕೆ ಜನ.

ಅವನು ತಿರುಗಿ ನೋಡಿದ. ಅಕ್ಕ ತನ್ನ ಎರಡೂ ಮುಂಗೈಗಳನ್ನು ಮುಖದ ಮುಂದೆ ಅಡ್ಡ ಹಿಡಿದು, ಅವುಗಳ ಸಂದಿನಿಂದ ತಮ್ಮನನ್ನೇ ನೋಡುತ್ತಿದ್ದಳು.

ಮುದುಕಿ ಮತ್ತೆ ಬಂದಳು. ಕೈಬಿಟ್ಟು ಸುಮ್ಮನೆ ಕೂತರೆ ಸಾಯುತ್ತಾನೆ. ಒಂದೇಟು ಎಡಗೈ ತೋರುಬೆರಳಿನ ಬಟನ್ ಒತ್ತಿದ.

ಠಣ್!

ಇನ್ನೊಮ್ಮೆ, ಠಣ್! ಕೋಲು ಚಿಮ್ಮಿದ ಪ್ರತಿ ಸಲವೂ ಮುದುಕಿಯ ಪಕ್ಕೆ ಬಾಗಿಲು ತೆರೆದಂತೆ ಬಯಲಾಗುತ್ತಿತ್ತು. ಹಾರುತ್ತಿದ್ದಷ್ಟು ದಿನವೂ ಅದು ಅವನ ಕಣ್ಣಿಗೆ ಬಿದ್ದೇ ಇರಲಿಲ್ಲ. ಆದರೆ ಹೊಡೆಯಲು ಹೋಗಲಿಲ್ಲ. ಗೇಮನ್ನು ನಿಲ್ಲಿಸಿ ಮೈಕನ್ನು ಹತ್ತಿರ ಎಳೆದುಕೊಂಡ. ಲೋಕವನ್ನೇ ನಡುಗಿಸುತ್ತಿದ್ದ ಅವನ ಗಂಟಲಿನಿಂದ ಇಲಿಮರಿಯಂಥ ದನಿ ಬಂತು.

“ದೋಷ ಅಲ್ಲ. ಸುಳ್ಳು ಹೇಳ್ದೆ. ಇದು ತಡೆಯೋ ಬಟನ್ನು. ಮೊದಲಿಂದಲೂ ಇತ್ತು. ನಾನು ಪಾಠದ ಗೋಡೆ ಹಾರಿ ಓಡಿಬಂದೆ, ಇದನ್ನ ನಮಸ್ಕಾರ ಅಂದ್ಕೊಂಡೆ.”

ಕಾಮೆಂಟುಗಳ ಅಣೆಕಟ್ಟು ಒಡೆಯಿತು. ಅವನು ಓದಲಿಲ್ಲ. “ಮೇಡಂ!” ಎಂದು ಕಟ್ಟಡವೇ ಬಿರಿಯುವಂತೆ ಕಿರುಚಿದ. “ರಿವ್ಯೂ ಹಿಡೀರಿ, ಹೋಗೋಕೆ ಬಿಡಬೇಡಿ!”

ಸಂಪಾದಕಿ ಫೋನನ್ನು ಎಲ್ಲೋ ಎಸೆದು ಒಳಗೆ ಬಂದಳು. ಸ್ಕ್ರೀನು ನೋಡಿದಳು, ಅವನ ಮುಖ ನೋಡಿದಳು, ಒಂದೂ ಪ್ರಶ್ನೆ ಕೇಳದೆ ಪಕ್ಕದ ಕಂಪ್ಯೂಟರಿಗೆ ಬಾಗಿ ಟಪಟಪನೆ ಒತ್ತಿದಳು. ಗಡಿಯಾರದ ಮುಳ್ಳು ನಾಲ್ಕನ್ನು ಮುಟ್ಟಿತು. ಲೋಕದ ಬೇರೆ ಜಾಲತಾಣಗಳ ರಿವ್ಯೂಗಳೆಲ್ಲ ಒಮ್ಮೆಲೇ ಹೊರಬಿದ್ದವು. ಇವರ ಪುಟದಲ್ಲಿ ಆ ಗೇಮಿನ ಚಿತ್ರವಷ್ಟೇ ಇತ್ತು, ಕೆಳಗೆ ಬೋಳು ಬಿಳಿ ಜಾಗ.

“ಏನಾದ್ರೂ ಹಾಕ್ಬೇಕು ಅಲ್ಲಿ,” ಎಂದಳು, ತಿರುಗದೆ. “ನೀನೇ ಬರಿ.”

“ಇದು ನಾನು ಬರೆಯೋ ಜಾಗ ಅಲ್ಲ ಅಂದ್ರಲ್ಲ ಮೇಡಂ.”

“ರಿವ್ಯೂ ಬರೆಯೋ ಜಾಗ ಅಲ್ಲ. ಆ ಮಾತು ಮಾತೇ. ಇದನ್ನ ಬರೆದು ಎದ್ದೇಳು.”

ಅಕ್ಕ ಸ್ಟೂಲಿನಿಂದ ಎದ್ದು ಕೀಬೋರ್ಡನ್ನು ಅವನತ್ತ ಸರಿಸಿದಳು.

ಪಟ್ಟಿ ಸುತ್ತಿದ ಹೆಬ್ಬೆರಳನ್ನು ಮೇಲೆತ್ತಿ ಹಿಡಿದು, ಉಳಿದ ಬೆರಳುಗಳಲ್ಲಿ ಅವನು ಒಂದೊಂದೇ ಅಕ್ಷರ ಕುಟ್ಟಿದ. ಬದುಕಿನಲ್ಲಿ ಇಷ್ಟು ಚಿಕ್ಕದಾಗಿ ಅವನು ಏನನ್ನೂ ಬರೆದಿರಲಿಲ್ಲ.

“ಈ ಗೇಮನ್ನು ನಾನು ಇನ್ನೂ ಆಡಿಲ್ಲ. ಆಡಿದವರನ್ನು ಕೇಳಿ.”